ಅಗೆಯದ ಮಣ್ಣು

ಏಳನೇ ತಿಂಗಳಲ್ಲಿ ನನ್ನ ಮಗಳು ಹೊಟ್ಟೆಯೊಳಗೇ ತೀರಿಕೊಂಡಳು. ರಕ್ತ ನಿಲ್ಲದೆ ಆಪರೇಷನ್ ಮಾಡಿದರು. ನನಗೆ ಎಚ್ಚರವಾಗುವಾಗ ಎಲ್ಲ ಮುಗಿದಿತ್ತು. "ಯಮುನಾ, ಎಲ್ಲ ನಾ ನೋಡ್ಕೊಂಡಿದ್ದೇನೆ, ನೀ ಮಲಗು," ಅಂದರು ನನ್ನ ಗಂಡ ಪ್ರಜ್ಞೇಶ್. ಚೆನ್ನಾಗಿ ನೋಡಿಕೊಂಡಿದ್ದರು ಬಿಡಿ.

ಮನೆಗೆ ಬಂದ ಮೇಲೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಎದೆಯಲ್ಲಿ ಹಾಲು ತುಂಬಿ ಬಂತು, ಕುಡಿಯುವವರಿಲ್ಲ. ನಾನು ಬಾವಿಕಟ್ಟೆಯ ಹತ್ತಿರ ನಿಂತು ಬಗ್ಗಿ ನೋಡುವುದನ್ನು ಕಂಡು ಅತ್ತೆ ದಮಯಂತಿ ಹೆದರಿದರು. ಹೆರಿಗೆಯಾದ ಮಡಿಕೇರಿಯ ಆಸ್ಪತ್ರೆಗೇ ಮತ್ತೆ ಕರೆದುಕೊಂಡು ಹೋದರು. ಮನಸ್ಸಿನ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಕೌನ್ಸೆಲರ್ ರಮ್ಯ, "ಮಗುವನ್ನು ಮಣ್ಣು ಮಾಡಿದ ಕಡೆ ಇವರನ್ನು ಕರ್ಕೊಂಡು ಹೋಗಿ, ಮನಸಾರೆ ಅತ್ತುಬಿಡಲಿ," ಅಂದರು. ಪ್ರಜ್ಞೇಶ್ ತಲೆ ತಗ್ಗಿಸಿ ಮಾತ್ರೆಯ ಚೀಟಿಯನ್ನು ಮಡಚುತ್ತಾ ಕೂತರು. ನನಗೆ ಆಗಲೇ ತಿಳಿಯಬೇಕಿತ್ತು.

ಮರುದಿನ ತೋಟದ ಕೆಳಗಿನ ಹಲಸಿನ ಮರದ ಬುಡ ತೋರಿಸಿದರು. "ಇಲ್ಲೇ," ಅಂದರು.

ನಾಲ್ಕು ತಿಂಗಳು ದಿನವೂ ಅಲ್ಲಿಗೆ ಹೋದೆ. ಅತ್ತೆಯೇ ಅಂಗಳದ ದಾಸವಾಳ ಕೊಯ್ದು ಕೈಗೆ ಕೊಡುತ್ತಿದ್ದರು. ಕಾಫಿ ಹೂವಾದದ್ದು, ಆನೆ ಬಂದು ಬಾಳೆ ತುಳಿದದ್ದು, ಎಲ್ಲ ಮಗಳಿಗೆ ಹೇಳುತ್ತಿದ್ದೆ. ಮಾತ್ರೆಯೂ ಕೆಲಸ ಮಾಡಿತು, ಮರದ ಬುಡವೂ ಮಾಡಿತು. ಊಟ ಸೇರಿತು. ಒಂದು ದಿನ ನಕ್ಕೆ ಕೂಡ.

ಜೂನ್ ಮಳೆ ಹಿಡಿದಾಗ ತೋಟದ ಮರಗಳ ಬುಡಕ್ಕೆ ಕರಿಮೆಣಸಿನ ಬಳ್ಳಿ ನೆಡುವ ಕೆಲಸ. ನಮ್ಮಲ್ಲಿ ಮೂವತ್ತು ವರ್ಷದಿಂದ ದುಡಿಯುವ ಮುತ್ತಿ ಆ ಹಲಸಿನ ಬುಡಕ್ಕೂ ಗುದ್ದಲಿ ಹಾಕಿದಳು. ನಾನು ಕಿರುಚಿಕೊಂಡು ಓಡಿದೆ.

"ಅಲ್ಲಿ ಬೇಡ ಮುತ್ತಿ! ನನ್ನ ಮಗಳಿದ್ದಾಳೆ!"

ಅವಳು ಗುದ್ದಲಿ ಬಿಸಾಡಿ ಕೆನ್ನೆಗೆ ಕೈ ಬಡಿದುಕೊಂಡಳು. ಆಮೇಲೆ ಕುಕ್ಕರಗಾಲಲ್ಲಿ ಕೂತು, ತೆಗೆದ ಮಣ್ಣನ್ನು ಕೈಯಲ್ಲಿ ಕೆದಕಿದಳು. ಮರದ ಸುತ್ತ ಒಂದು ಸುತ್ತು ಬಂದಳು.

"ಅಮ್ಮಾ, ಇಲ್ಲಿ ಯಾರೂ ಗುಂಡಿ ತೆಗೀಲಿಲ್ಲ," ಅಂದಳು. "ಆಳಕ್ಕೆ ಅಗೆದು ಮುಚ್ಚಿದ್ರೆ ಅಡಿಯ ಕೆಂಪು ಮಣ್ಣು ಮೇಲೆ ಬರ್ತದೆ. ಇದು ಪೂರಾ ಕರಿ ಮಣ್ಣು. ಒಂದು ಬೇರೂ ತುಂಡಾಗ್ಲಿಲ್ಲ ನೋಡಿ."

ನೋಡಿದೆ. ಹುಲ್ಲಿನ ಬೇರು ಚಾಪೆಯ ಹಾಗೆ ಹೆಣೆದುಕೊಂಡೇ ಇತ್ತು.

ಮನೆಗೆ ಬಂದು ಪ್ರಜ್ಞೇಶರ ಮುಂದೆ ನಿಂತೆ. "ಮಗು ಎಲ್ಲಿ?"

ಅವರು ಮೊದಲು ಅಮ್ಮನ ಮುಖ ನೋಡಿದರು. ಹಾಗಾದರೆ ಅತ್ತೆಗೂ ಗೊತ್ತಿತ್ತು. ಗೊತ್ತಿದ್ದೂ ದಿನಾ ಹೂ ಕೊಯ್ದು ಕೊಟ್ಟರು!

"ಆಸ್ಪತ್ರೆಯಲ್ಲೇ ಬಿಟ್ಟು ಬಂದೆ," ಅಂದರು. "ನೀ ನೋಡಿದ್ರೆ ತಡ್ಕೊಳ್ತಿರ್ಲಿಲ್ಲ. ನಿಂಗೆ ಸಮಾಧಾನ ಆಗ್ಲಿಂತ ಮರದ ಬುಡ ತೋರ್ಸಿದೆ. ಆಯ್ತಲ್ಲ?"

ಕೈಗೆ ಸಿಕ್ಕಿದ ಚೆಂಬನ್ನು ಗೋಡೆಗೆ ಎಸೆದೆ. ಅತ್ತೆ ಓಡಿ ಹೋಗಿ ಮಾತ್ರೆ, ನೀರು ತಂದರು. "ಪುನಃ ಶುರುವಾಯ್ತು ಮಗಾ ಇವಳಿಗೆ."

"ಅದು ರಾತ್ರಿಯ ಮಾತ್ರೆ ಅತ್ತೆ, ರಾತ್ರಿ ತಕೊಳ್ತೇನೆ. ಈಗ ನಂಗೆ ಬಂದಿರೋದು ಸಿಟ್ಟು."

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಭಾಗಮಂಡಲದಿಂದ ಬರುವ ಬಸ್ಸು ಹತ್ತಿ ಮಡಿಕೇರಿಗೆ ಹೋದೆ. ರಮ್ಯ ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದು, ಆಮೇಲೆ ಎದ್ದು ಹೋಗಿ ವಿಚಾರಿಸಿ ಬಂದರು.

"ಮನೆಯವರು ಮನಸ್ಸು ಬದಲಾಯಿಸಿ ಬಂದರೂ ಬರಬಹುದು ಅಂತ ಮೂರು ದಿನ ಇಟ್ಟುಕೊಂಡಿದ್ದರು ಯಮುನಾ. ಯಾರೂ ಬರಲಿಲ್ಲ. ನಾಲ್ಕನೇ ದಿನ ಆಸ್ಪತ್ರೆಯವರೇ ಮಣ್ಣು ಮಾಡಿದ್ದಾರೆ. ಜಾಗ ನಾನು ತೋರಿಸುತ್ತೇನೆ."

"ಆ ಮೂರು ದಿನ ಎಲ್ಲಿಟ್ಟಿದ್ದರು?"

"ಇಲ್ಲೇ, ಕೆಳಗಿನ ಮಹಡಿಯಲ್ಲಿ."

ಆ ಮೂರು ದಿನವೂ ನಾನು ಮೇಲಿನ ಮಹಡಿಯಲ್ಲಿ, ಹೆರಿಗೆ ವಾರ್ಡಿನ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದೆ. ಪ್ರಜ್ಞೇಶ್ ದಿನಕ್ಕೆ ಎರಡು ಸಲ ಆ ಮೆಟ್ಟಿಲು ಹತ್ತಿ ಬಂದು ನನಗೆ ಗಂಜಿ ಕುಡಿಸುತ್ತಿದ್ದರು. ನನ್ನ ಮಗಳು ಒಂದು ಮಹಡಿ ಕೆಳಗಿದ್ದಳು. ನಡೆಯಲಾಗದಿದ್ದರೆ ತೆವಳಿಕೊಂಡಾದರೂ ಇಳಿದು ಹೋಗುತ್ತಿದ್ದೆ.