ಹೊಳೆ ಹನ್ನೊಂದು ಅಡಿ

ದಾವಣಗೆರೆ ಜಿಲ್ಲೆಯಾದ ಮರುವರ್ಷ, ಪುಷ್ಯ ಮಳೆ ಹುಟ್ಟಿದ ವಾರದ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ ಇದು ಶುರುವಾಯಿತು. ಹರಿಹರದಲ್ಲಿ ಮಳೆಯೇನೂ ಇರಲಿಲ್ಲ, ಹಪ್ಪಳ ಒಣಗುವಷ್ಟು ಬಿಸಿಲಿತ್ತು. ದಾವಣಗೆರೆಯ ಸರಸ್ವತಿ ನಗರದಿಂದ ಬಸ್ಸಿನಲ್ಲಿ ಬಂದಿಳಿದ ಗುಮಾಸ್ತ ವೀರೇಶ್ ಹೊಳೆದಂಡೆಯ ಅಳತೆ ಕೋಣೆಯ ಬೀಗ ತೆಗೆದು, ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿ, ಮುಂದಿನ ಏಳು ದಿನದ ಹೊಳೆಯನ್ನೆಲ್ಲ ಕೂತಲ್ಲೇ ಬರೆದು ಮುಗಿಸಿದ. ಸೋಮವಾರದ್ದು ಹಿಂದಿನ ವಾರವೇ ಬರೆದಾಗಿತ್ತು. ಮಂಗಳವಾರ ಹನ್ನೊಂದು ಅಡಿ. ಬುಧವಾರ ಹನ್ನೊಂದು ಕಾಲು, ಯಾಕೆಂದರೆ ಎಲ್ಲ ಒಂದೇ ಥರ ಇದ್ದರೆ ನೋಡಿದವರಿಗೆ ಅನುಮಾನ ಬಂದೀತು. ಹೀಗೆ ಮುಂದಿನ ಸೋಮವಾರದವರೆಗೂ ತುಂಗಭದ್ರೆ ಎಷ್ಟೆಷ್ಟು ಹರಿಯಬೇಕೆಂಬುದು ಹನ್ನೊಂದು ಗಂಟೆಯೊಳಗೆ ತೀರ್ಮಾನವಾಯಿತು.

ಬಾಗಿಲಿಗೆ ಒರಗಿ ನಿಂತಿದ್ದ ಬಡೇಸಾಬ್ ಇದನ್ನು ನೋಡಿದ. ಅವನು ಮೂವತ್ತೊಂದು ವರ್ಷದಿಂದ ಹೊಳೆ ಅಳೆಯುವ ದಿನಗೂಲಿ ಆಳು. ಸೇತುವೆಯ ಕಂಬಕ್ಕೆ ಬಳಿದ ಅಡಿಗೆರೆಗಳನ್ನು ದಿನಕ್ಕೆ ಮೂರು ಸಲ ನೋಡುವುದು, ಚೀಟಿಯಲ್ಲಿ ಅಂಕಿ ಬರೆಯುವುದು, ಇಷ್ಟೇ ಅವನ ಕೆಲಸ. ಮೊದಲಾದರೆ ಆ ಅಂಕಿಯನ್ನು ಅವನೇ ಫೋನಿನಲ್ಲಿ ಕೂಗಿ ಹೇಳುತ್ತಿದ್ದ. ಜಿಲ್ಲೆಯಾದ ಮೇಲೆ ದಾವಣಗೆರೆಯ ಆಫೀಸಿಗೆ ಬಂದ ಕರಿಬಸವರಾಜ ಸಾಹೇಬರು, “ಇನ್ಮೇಲೆ ಮನುಷ್ಯರ ಕೈ ತಾಕೋದೇ ಬ್ಯಾಡ, ಎಲ್ಲ ತಾನಾಗೇ ನಡೀತೈತೆ” ಅಂದರು. ತಾನಾಗಿ ನಡೆಯುವುದಕ್ಕೆ ಹೊಳೆ ನೋಡಲು ಒಬ್ಬ, ನೋಡಿದ್ದನ್ನು ಕಂಪ್ಯೂಟರಿಗೆ ಬರೆಯಲು ಒಬ್ಬ, ಬರೆದದ್ದು ಬಂತೋ ಇಲ್ಲವೋ ನೋಡಲು ದಾವಣಗೆರೆಯಲ್ಲಿ ಇಬ್ಬರು ಬೇಕಾದರು.

ವ್ಯವಸ್ಥೆ ಹೀಗಿತ್ತು. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ದಾವಣಗೆರೆಯ ಕಂಪ್ಯೂಟರು ತಾನೇ ಫೋನು ಮಾಡಿ ಹರಿಹರದ ಕಂಪ್ಯೂಟರಿನಿಂದ ಅಂಕಿ ಎತ್ತಿಕೊಳ್ಳುತ್ತಿತ್ತು. ಅಂಕಿ ಸಿಕ್ಕರೆ ಸಾಹೇಬರ ಸ್ಕ್ರೀನಿನಲ್ಲಿ ಹರಿಹರ ಹಸಿರು, ಸಿಗದಿದ್ದರೆ ಕೆಂಪು. ಕೆಂಪಾದರೆ ಅದೇ ಯಂತ್ರ ಒಂದು ಮೆಮೊ ಅಚ್ಚು ಹಾಕುತ್ತಿತ್ತು. ಇಪ್ಪತ್ತನಾಲ್ಕು ಅಡಿ ಮುಟ್ಟಿದರೆ ಗಂಟೆ ಬಾರಿಸಿ, ಹೊಳೆಪಕ್ಕದ ಕೆಳಗಿನ ಓಣಿ ಖಾಲಿ ಮಾಡಿಸಿರೆಂದು ಆದೇಶವನ್ನೂ ಅಚ್ಚು ಹಾಕುತ್ತಿತ್ತು. ಆದೇಶ ಬಂದರೆ ಲಾರಿ, ಆಳು, ಶಾಲೆಯ ಬೀಗದ ಕೈ ಎಲ್ಲ ಬರಬೇಕು.

ವೀರೇಶ್ ಬರುವುದು ಹತ್ತೂವರೆಗೆ, ಯಂತ್ರ ಕೇಳುವುದು ಏಳಕ್ಕೆ. ಮೊದಲ ತಿಂಗಳಲ್ಲೇ ಅವನಿಗೆ ಆರು ಮೆಮೊ ಬಿದ್ದವು. ಆಮೇಲೆ ಒಂದು ದಿನ, ನಾಳೆಯ ತಾರೀಖಿನ ಅಂಕಿಯನ್ನೂ ಯಂತ್ರ ಬೇಡವೆನ್ನುವುದಿಲ್ಲ ಎಂಬುದು ಅವನಿಗೆ ತಿಳಿಯಿತು. ಅಲ್ಲಿಂದ ಹರಿಹರ ಕೆಂಪಾಗಲಿಲ್ಲ.

ಬಡೇಸಾಬ್ ಸುಮ್ಮನಿರಬಹುದಿತ್ತು. ಆದರೆ ಕೆಳಗಿನ ಓಣಿಯ ಕಡೆಯ ಮನೆ ಅವನ ತಂಗಿ ಇಮಾಂಬೀದು. ಅವಳ ಗಂಡ ಕುತುಬುದ್ದೀನ್ ಲಕ್ವ ಹೊಡೆದು ಮೂರು ವರ್ಷದಿಂದ ಮಂಚ ಬಿಟ್ಟಿರಲಿಲ್ಲ. ಇಪ್ಪತ್ತೈದು ಅಡಿಗೆ ಆ ಮನೆಯ ಹೊಸಿಲು ಮುಳುಗುತ್ತಿತ್ತು. ನೀರು ಬಂದಮೇಲೆ ಅವನನ್ನು ಎತ್ತುವವರಿಲ್ಲ. ಬರುವ ಮೊದಲೇ ಲಾರಿ ಬರಬೇಕು.

ಬುಧವಾರ ಬೆಳಿಗ್ಗೆ ಕಂಬದ ಮೇಲೆ ಹದಿನೆಂಟು ಅಡಿ ಇತ್ತು. ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ, ಮೇಲೆ ಬಿದಿರ ಗರಿ ತೇಲಿ ಬರುತ್ತಿತ್ತು. ಮೇಲಿನ ಸೀಮೆಯಲ್ಲಿ ಮಳೆ ಕಡಿಯದೆ ಹೊಡೆಯುತ್ತಿದೆ ಎಂದು ಅರ್ಥ. ಬಡೇಸಾಬನ ಮದುವೆಯ ವರ್ಷವೂ ಹೀಗೇ ಗರಿ ಬಂದು, ಎರಡನೆಯ ದಿನಕ್ಕೆ ಹೊಳೆ ಓಣಿಗೆ ಬಂದಿತ್ತು.

ವೀರೇಶ್ ಬರುತ್ತಲೇ ಬಡೇಸಾಬ್ ಚೀಟಿ ಕೊಟ್ಟ. “ವೀರೇಶಣ್ಣಾರೆ, ಹದಿನೆಂಟೈತೆ. ಇದನ್ನ ಹಾಕ್ರಿ.”

“ಇವತ್ತಿಂದು ಹೋಗೈತಲ್ರಿ ಸಾಬ್ರೇ. ಗುರುವಾರದ್ದೂ ಬರ್ದಾಗೈತೆ.”

“ಗುರುವಾರ ಇನ್ನೂ ಬಂದೇ ಇಲ್ಲಲ್ರಿ?”

“ಅದು ಹೊಳೆ ಕಡೆಯಿಂದ ಬಂದಿಲ್ಲ. ನಮ್ಮ ಕಡೆ ರೆಡಿ ಐತೆ.”

“ತಿದ್ದಾಕ ಬರಾಕಿಲ್ಲೇನ್ರಿ?”

“ಬರ್ತೈತೆ. ತಿದ್ದಿದ್ರ ಅದಕ್ಕ ಹಳದಿ ಬಣ್ಣ ಬರ್ತೈತೆ, ಯಾಕ ತಿದ್ದಿದ್ರಿ ಅಂತ ಮೂರು ಪ್ರತಿ ಕಾಗದ ಬರೀಬೇಕು. ಶುಕ್ರವಾರ ದಾವಣಗೇರ್‍ಯಾಗ ನಮಗ ಸನ್ಮಾನ ಐತ್ರಿ, ಜಿಲ್ಲೆಗೇ ಚೊಲೊ ಕೇಂದ್ರ ಅಂತ. ಎರಡು ದಿನ ತಡೀರಿ.”

“ನಾನು ತಡೀತೀನಿ. ಹೊಳೆಗೂ ಒಂದು ಮಾತು ಹೇಳ್ರಿ ಹಂಗಾರ.”

ಬಡೇಸಾಬ್ ಹನ್ನೊಂದರ ಬಸ್ಸು ಹತ್ತಿ ದಾವಣಗೆರೆಗೆ ಹೋದ. ಕರಿಬಸವರಾಜ ಸಾಹೇಬರು ಒಳ್ಳೆಯವರು, ಬಾಗಿಲಲ್ಲಿ ಎರಡೇ ತಾಸು ನಿಲ್ಲಿಸಿ ಒಳಗೆ ಕರೆದರು. ಮೇಜಿನ ಮೇಲೆ ಸ್ಕ್ರೀನು, ಸ್ಕ್ರೀನಿಗೊಂದು ಹೂವು. ಜಿಲ್ಲೆಯ ಎಲ್ಲ ಕೇಂದ್ರಗಳೂ ಬತ್ತದ ಸಸಿಮಡಿಯ ಹಾಗೆ ಹಸಿರಾಗಿದ್ದವು.

“ಸಾಹೇಬ್ರೆ, ಹೊಳೆ ಏರಾಕತ್ತೈತೆ. ಹದಿನೆಂಟೈತೆ.”

“ಹನ್ನೊಂದು ಕಾಲು,” ಎಂದರು ಸಾಹೇಬರು.

“ನಾ ಕಣ್ಣಾರೆ ನೋಡೀನ್ರಿ.”

“ಎಷ್ಟು ಓದೀರಿ ನೀವು?”

“ಎರಡನೇ ಕ್ಲಾಸ್ರಿ. ಹೊಳೆ ಓದಾಕ ಅಷ್ಟು ಸಾಕಾಗ್ತಿತ್ತು.”

ಸಾಹೇಬರು ಕಿಟಕಿಯಾಚೆಯ ಬಿಸಿಲನ್ನು ತೋರಿಸಿದರು. ಆಮೇಲೆ ನ್ಯಾಯವಾಗಿರಲೆಂದು ಹರಿಹರಕ್ಕೆ ಫೋನು ಮಾಡಿ, “ಏನಪ ವೀರೇಶ್, ಎಷ್ಟೈತೆ?” ಎಂದು ಕೇಳಿದರು. “ನಿಮ್ಮ ಸ್ಕ್ರೀನಿನಾಗ ಏನೈತೋ ಅದೇ ಸರ್,” ಎಂದ ವೀರೇಶ್. ಯಂತ್ರದ ಮಾತಿಗೆ ವೀರೇಶ್ ಸಾಕ್ಷಿ, ವೀರೇಶನ ಮಾತಿಗೆ ಯಂತ್ರ ಸಾಕ್ಷಿ. ಕೋರ್ಟಿನಲ್ಲೂ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದಿಲ್ಲ.

ಬಡೇಸಾಬ್ ಮೆಲ್ಲಗೆ ಹೇಳಿದ: “ಸಾಹೇಬ್ರೆ, ಫೋನಿನಾಗ ಆ ವೀರೇಶಣ್ಣಾರಿಗೆ ನಾಳಿದ್ದು ಎಷ್ಟೈತೆ ಅಂತ ಕೇಳ್ರಿ.”

ಸಾಹೇಬರು ನಕ್ಕರು. ತಮಾಷೆಗೆಂದೇ ಕೇಳಿದರು. ಅತ್ತ ಕಡೆ ಗುಮಾಸ್ತ ಗಾಬರಿಯಲ್ಲಿ, “ಹನ್ನೊಂದೂವರೆ ಸರ್” ಅಂದುಬಿಟ್ಟ. ಸಾಹೇಬರು ಫೋನು ಕೆಳಗಿಟ್ಟರು. ಅವರ ಮುಖದ ನಗು ಒಮ್ಮೆಲೇ ಹೋಗಲಿಲ್ಲ, ತೊಟ್ಟಿಯ ನೀರು ಇಳಿದ ಹಾಗೆ ನಿಧಾನಕ್ಕೆ ಇಳಿಯಿತು. ಶುಕ್ರವಾರದ ಸಭೆಗೆ ಬೆಂಗಳೂರಿನಿಂದ ಮೂವರು ಬರುವವರಿದ್ದರು. ಶಾಲುಗಳು ಬಂದು ಕಪಾಟಿನಲ್ಲಿ ಕೂತಿದ್ದವು. ಸಾಹೇಬರು ಯಾರನ್ನೂ ನೋಡದೆ ಹೇಳಿದರು: “ಇದಕ್ಕ ಮುನ್ಸೂಚನೆ ಅಂತಾರೆ. ನೀವಿನ್ನು ಹೊರಡ್ರಿ.”

ಗುರುವಾರ ಬೆಳಿಗ್ಗೆ ಏಳಕ್ಕೆ ಹೊಳೆ ಇಪ್ಪತ್ತೆರಡೂವರೆ. ಬಡೇಸಾಬ್ ಚೀಟಿ ಬರೆಯಲಿಲ್ಲ. ನೇರ ಕೆಳಗಿನ ಓಣಿಗೆ ಇಳಿದು, ಮೊದಲ ಮನೆಯಿಂದ ಒಂದೊಂದೇ ಬಾಗಿಲು ಬಡಿಯುತ್ತ ಬಂದ. “ಏಳ್ರಿ, ಹೊಳೆ ಬರ್ತೈತೆ” ಎಂದಷ್ಟೇ ಹೇಳಿದ. ಅವನು ಮೂವತ್ತೊಂದು ವರ್ಷದಲ್ಲಿ ನಾಲ್ಕು ಸಲ ಈ ಮಾತು ಹೇಳಿದ್ದ, ನಾಲ್ಕು ಸಲವೂ ಹೊಳೆ ಬಂದಿತ್ತು. ಜನ ಗಂಟುಮೂಟೆ ಕಟ್ಟಿ, ಬಹಳಷ್ಟು ಮಂದಿ ನೆಂಟರ ಮನೆಗಳಿಗೆ ಹೊರಟರು. ಕಟ್ಟದೆ ಕೂತವಳು ಅವನ ತಂಗಿ ಒಬ್ಬಳೇ.

“ಕಾಗದ ಬಂದಿಲ್ಲಲ್ಲ ಭಾಯ್. ಕಾಗದ ಇಲ್ದ ಹೋದ್ರ ಸಾಲಿ ಬಾಗಿಲು ತೆಗೀತಾರೇನು? ಇವರನ್ನ ಬೀದ್ಯಾಗ ಮಲಗಿಸ್ಲೇನು ನಾನು?”

ಅವಳ ಮಾತು ಸುಳ್ಳಾಗಿರಲಿಲ್ಲ. ಬಡೇಸಾಬ್ ಶಾಲೆಗೆ ಹೋಗಿ ಕೇಳಿದರೆ ಹೆಡ್‌ಮಾಸ್ತರು, “ಆದೇಶ ತರ್ರಿ, ಕೈ ಮುಗಿದು ತೆಗೀತೀನಿ” ಎಂದು ಬರಿಗೈಯನ್ನೇ ಮುಗಿದರು. ಅಲ್ಲಿಂದ ಅವನು ದಿಬ್ಬದ ಮೇಲಿನ ಮಂಡಕ್ಕಿ ಭಟ್ಟಿಗೆ ಹೋದ. ಭಟ್ಟಿಯ ರೌಫ್ ಆದೇಶ ಗೀದೇಶ ಕೇಳಲಿಲ್ಲ. “ನಮ್ಮ ಶೆಡ್ಡಿನಾಗ ಮಂಡಕ್ಕಿ ಚೀಲ ಸರಿಸಿದ್ರ ಐವತ್ತು ಮಂದಿ ಹಿಡೀತಾರೆ ಚಾಚಾ. ತಳ್ಳುಗಾಡೀನೂ ಒಯ್ರಿ” ಎಂದ.

ಕುತುಬುದ್ದೀನನನ್ನು ಹಾಸಿಗೆ ಸಮೇತ ನಾಲ್ವರು ಎತ್ತಿ ತಳ್ಳುಗಾಡಿಯ ಮೇಲೆ ಮಲಗಿಸಿದಾಗ ಹೊಸಿಲಿನ ಕೆಳಗೆ ನೀರು ಗುಳುಗುಳು ಎನ್ನುತ್ತಿತ್ತು. ಅವನ ಬಾಯಿ ಒಂದು ಕಡೆ ಸೊಟ್ಟಗಾಗಿದ್ದರೂ ಮಾತಿನ ಹರಿತ ಹೋಗಿರಲಿಲ್ಲ. “ನನ್ ಮದುವಿ ಮೆರವಣಿಗೀಗೂ ಇಷ್ಟು ಮಂದಿ ಕೂಡಿದ್ದಿಲ್ಲ ಭಾವಾ,” ಎಂದ. ಇಮಾಂಬೀ ಅಳುತ್ತ ನಕ್ಕು, ಗಂಡನ ತಲೆಗೆ ತನ್ನ ಸೆರಗಿನ ನೆರಳು ಹಿಡಿದು ದಿಬ್ಬ ಹತ್ತಿದಳು.

ನಾಲ್ಕು ಗಂಟೆಗೆ ಓಣಿಯಲ್ಲಿ ಎದೆಮಟ್ಟ ನೀರು. ಕಡೆಯ ಮನೆಯ ಮಣ್ಣಿನ ಗೋಡೆ ಸಕ್ಕರೆ ಅಚ್ಚಿನ ಹಾಗೆ ಕುಸಿಯಿತು. ಎತ್ತರದಲ್ಲಿದ್ದ ಅಳತೆ ಕೋಣೆಗೆ ಏನೂ ಆಗಲಿಲ್ಲ. ಮೆಟ್ಟಿಲ ಮೇಲೆ ನಿಂತು ನೀರು ನೋಡುತ್ತ ವೀರೇಶ್ ಬೆವರುತ್ತಿದ್ದ. ಸರಿಯಾಗಿ ಐದಕ್ಕೆ ದಾವಣಗೆರೆಯ ಯಂತ್ರ ಫೋನು ಮಾಡಿ, ಹೊಳೆ ಹನ್ನೊಂದು ಅಡಿ ಎಂದು ಎತ್ತಿಕೊಂಡು, ಹಸಿರಾಯಿತು.

ಶುಕ್ರವಾರದ ಸಭೆ ಚೆನ್ನಾಗಿ ನಡೆಯಿತು. ವೀರೇಶನಿಗೆ ಶಾಲು ಹೊದಿಸಿದರು. ಫಲಕದ ಮೇಲೆ ‘ಒಮ್ಮೆಯೂ ತಡಮಾಡದ ಕೇಂದ್ರ’ ಎಂದು ಬರೆದಿತ್ತು, ಅದೂ ನಿಜವೇ. ಹರಿಹರದಲ್ಲಿ ಹೊಳೆ ಬಂತಂತೆ ಎಂದು ಯಾರೋ ಕೇಳಿದರು. ಸಾಹೇಬರು ಪಟ್ಟಿ ತೆಗೆದು ತೋರಿಸಿದರು. ಪಟ್ಟಿಯಲ್ಲಿ ಹೊಳೆ ಬಂದಿರಲಿಲ್ಲ.

ಬಾರದ ಹೊಳೆಗೆ ನಲವತ್ತು ಮನೆ ಖಾಲಿ ಮಾಡಿಸಿದವನು ಒಬ್ಬನಿದ್ದನಲ್ಲ. ಮಂಗಳವಾರ ಅವನ ಹೆಸರಿಗೆ ಕಾಗದ ಬಂತು. ವೀರೇಶ್ ಅದನ್ನು ಓದಿ ಹೇಳುವಾಗ ತಲೆ ಎತ್ತಲಿಲ್ಲ. “ಸುಳ್ಳು ಸುದ್ದಿ ಹಬ್ಬಿಸಿ ಜನರಲ್ಲಿ ಭೀತಿ ಹುಟ್ಟಿಸಿದ್ದಕ್ಕೆ...” ಅಲ್ಲಿಗೆ ನಿಲ್ಲಿಸಿದ. “ಕಂಬದ ಗೆರೆ ತಪ್ಪು ಓದಿದೆ ಅಂತ ಒಂದು ಹೆಬ್ಬೆಟ್ಟು ಒತ್ರಿ ಸಾಬ್ರೇ, ಸಾಹೇಬ್ರು ಕೆಲಸ ಉಳಿಸ್ತಾರಂತ.”

“ಹೆಬ್ಬೆಟ್ಟು ಯಾಕ್ರಿ, ನನಗ ಸಹಿ ಬರ್ತೈತೆ,” ಎಂದ ಬಡೇಸಾಬ್. “ಅಂಕೀನೂ ಬರ್ತಾವೆ. ಅದೇ ತ್ರಾಸಾಗೈತೆ ನೋಡ್ರಿ.” ಸಹಿ ಹಾಕದೆ ಕಾಗದ ಮಡಚಿ ಮೇಜಿನ ಮೇಲೆಯೇ ಇಟ್ಟು, ಮೂವತ್ತೊಂದು ವರ್ಷದ ಕೆಲಸ ಬಿಟ್ಟು ಹೊರಟ.

ಇಮಾಂಬೀಗೆ ದಾವಣಗೆರೆ ಪಕ್ಕದ ಆವರಗೆರೆಯಲ್ಲಿ ಮಗಳ ಮನೆಯ ಹಿಂದೆ ಒಂದು ಕೋಣೆ ಸಿಕ್ಕಿತ್ತು. ರೌಫ್ ಒಂದು ಟೆಂಪೋ ಗೊತ್ತು ಮಾಡಿಕೊಟ್ಟ. ಮುಂದೆ ಡ್ರೈವರಿನ ಪಕ್ಕ ಇಮಾಂಬೀ ಕೂತಳು, ಹಿಂದೆ ಹಾಸಿಗೆಯ ಮೇಲೆ ಕುತುಬುದ್ದೀನ್, ಅವನ ತಲೆ ಅಲುಗದಂತೆ ಹಿಡಿದುಕೊಂಡು ಬಡೇಸಾಬ್. ಮೂವರೂ ಹರಿಹರ ಬಿಟ್ಟದ್ದು ಬುಧವಾರ.