ಹುಳಿನೀರಿನ ಹರವಿ

ದಾವಲಮಲಿಕ ಎರಡನೆಯ ಹರವಿಯನ್ನು ಬಗ್ಗಿಸಿ ವಾಡಿಕೆಯಂತೆ ಗೋರಿಯ ತಲೆಯ ಕಡೆಯಿಂದ ಸುರಿಯತೊಡಗಿದ್ದೇ ತಡ, ಗಪ್ಪೆಂದು ಹುಳಿವಾಸನೆ ಎದ್ದಿತು. ಮೊದಲನೆಯದರಲ್ಲಿ ಬಾವಿಯ ನೀರಿತ್ತು, ಹೊಸ ಮಣ್ಣು ಅದನ್ನು ಸದ್ದಿಲ್ಲದೆ ಕುಡಿದಿತ್ತು. ಇದು ಕಂದುಹಸಿರು ಬಣ್ಣದ್ದು, ಮೇಲೆ ನೊರೆ ಬೇರೆ. ಮುಂದೆ ನಿಂತವರು ಮೂಗಿಗೆ ರುಮಾಲು ಒತ್ತಿಕೊಂಡು ಹಿಂದೆ ಸರಿದರು.

"ಏನೋ ತಂದೀ ಇದು?" ಎಂದರು ಮುಲ್ಲಾ ಅಮೀನುದ್ದೀನರು.

"ನೀರ್ರಿ! ಅತ್ತಿ ಮನಿ ಪಡಸಾಲ್ಯಾಗ ಸಾಲಾಗಿ ಇಟ್ಟಿದ್ರು. ಎರಡು ಹರವಿ ಕಾವಡಿ ಕಟ್ಟಿ ತಂದೆ."

ಅವನು ಸತ್ತ ಪೀರಬಿಯ ತಮ್ಮನ ಮಗ, ಬೆಳಗ್ಗೆಯಷ್ಟೇ ಮನಗೂಳಿಯಿಂದ ಬಂದಿಳಿದವನು. ಗಾಬರಿಯಲ್ಲಿ ಅವನ ಕೈ ನಿಲ್ಲದೆ ಸುರಿಯುತ್ತಲೇ ಇತ್ತು. ಆಗ ಪೀರಬಿಯ ಗಂಡ ಮೀರಾಸಾಬ ಸಡಿಲು ಮಣ್ಣು ತುಳಿಯುತ್ತ ನುಗ್ಗಿಬಂದ.

"ನಿಲ್ಲಸೋ! ಬುಡ ಬಿಡು! ಬುಡ ಬಿಡೋ ಅಂದ್ರ!"

ಹರವಿಯನ್ನು ಕಸಿದುಕೊಂಡು ಎದೆಗೆ ಅವಚಿಕೊಂಡ. ಹೆಂಡತಿಯನ್ನು ಮಣ್ಣಿಗಿಳಿಸುವಾಗಲೂ ಒಂದು ಹನಿ ಕಣ್ಣೀರು ಹಾಕದ ಮುದುಕ ಈಗ ಮಣ್ಣಿನ ಹರವಿಗಾಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಇದರಾಗ ಏನೈತಿ, ಮೀರಾಸಾಬ?" ಮುಲ್ಲಾ ಮೆಲ್ಲಗೆ ಕೇಳಿದರು.

"ಬೇವಿನೆಲಿ, ಎಕ್ಕಿ ಎಲಿ, ಬೆಲ್ಲ, ಹುಳಿಮಜ್ಜಿಗಿ. ಆಕಿ ನಿಂಬಿಗಿಡಕ್ಕ ಹಾಕೂ ಹುಳಿನೀರ್ರಿ. ನಾಪಾಕ, ಮೈಲಿಗಿ ಏನೂ ಇಲ್ಲ."

ಮುಲ್ಲಾ ಗಡ್ಡ ನೀವಿಕೊಂಡರು. "ಹಂಗಿದ್ರ ಇರಲಿ ಬಿಡು. ಆಕಿ ಕೈಲೆ ಕಲಸಿದ್ದು ಆಕಿಗೇ ಮುಟ್ಟಿತು," ಎಂದು ದುವಾಕ್ಕೆ ಕೈಯೆತ್ತಿದರು.

ಸುರಿದದ್ದು ಇಳಿಜಾರಿನಲ್ಲಿ ಹರಿದು, ಗೋರಿಯ ಕಾಲ ಬಳಿಯ ಇನ್ನೊಂದು ಪುಟ್ಟ ದಿಬ್ಬದ ಬುಡಕ್ಕೆ ಹೋಗಿ ನಿಂತಿತು. ಸವೆದು ನೆಲಕ್ಕೆ ನೆಲವಾಗುತ್ತ ಬಂದಿದ್ದ ಆ ದಿಬ್ಬದಡಿ ಯಾರಿದ್ದಾರೆಂದು ಮೀರಾಸಾಬನೊಬ್ಬನಿಗೇ ಗೊತ್ತಿತ್ತು. ದುವಾದ ನಡುವೆ ಅಲ್ಲಿ ನೊರೆಯ ಗುಳ್ಳೆಯೊಂದು ಒಡೆದ ಸದ್ದು ಅವನಿಗೆ ಕೇಳಿಸಿತು.

*

ಅಲ್ಲಿದ್ದವಳು ಅವನ ಮಗಳು ಜೋಹರಾ. ಇಂಡಿ ತಾಲೂಕಿನ ಸೀಮೆ ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಹುಟ್ಟಿ, ಮಾತು ಕಲಿಯುವ ಮುನ್ನವೇ ಜ್ವರ ಬಂದು ತೀರಿಹೋದ ಕೂಸು. ಗಂಟಲಲ್ಲಿ ಗುಳುಗುಳು ಸದ್ದು ಮಾಡಿ ನಗುವುದಷ್ಟೇ ಅದಕ್ಕೆ ಬರುತ್ತಿತ್ತು.

ಮಗು ಹೋದ ಮೇಲೆ ಪೀರಬಿ ಮಾತು ಬಿಟ್ಟಳು. ಅದೇ ವರ್ಷ ತೋಟದ ನಿಂಬೆಗಿಡಗಳ ಎಲೆಯೆಲ್ಲ ಮುರುಟಿದವು. ಅವಳ ತಾಯಿ ತವರಿನಿಂದ ಒಂದು ಸಣ್ಣ ಗಡಿಗೆಯಲ್ಲಿ ಹುಳಿನೀರಿನ ಹೆಪ್ಪು ಹೊತ್ತುಕೊಂಡು ಬಂದಳು.

"ನಿನ್ನ ದುಃಖಕ್ಕ ಮದ್ದಿಲ್ಲ, ಗಿಡಕ್ಕರ ಐತಿ. ಏಳು. ಇದನ್ನ ನೆರಳಾಗ ಇಡು. ಬಾಯಿ ಬಿಗಿದು ಕಟ್ಟಬ್ಯಾಡ, ಉಸುರು ಸಿಗದ ಹರವಿ ಒಡೀತೈತಿ. ಅರಿವಿ ಸಡ್ಲ ಕಟ್ಟು, ದಿನಾ ಕಲಸು. ಬುಡ ಮಾತ್ರ ಎಂದೂ ಬಳಿಬ್ಯಾಡ. ಬುಡಾನ ಹೆಪ್ಪು. ಅದು ಹೋತಂದ್ರ ಎಲ್ಲಾ ಹೋತು."

ಹೆಪ್ಪು ಹರವಿಗೆ ಸೇರಿ, ಎಲೆ, ಬೆಲ್ಲ ಬಿದ್ದ ಮೇಲೆ ಒಂದು ಬೆಳಗ್ಗೆ ಪೀರಬಿ ಪಡಸಾಲೆ ಗುಡಿಸುತ್ತಿದ್ದಳು. ಹರವಿಯೊಳಗಿಂದ ಗುಳುಗುಳು ಎಂದಿತು. ಕಸಬರಿಗೆ ಕೈಯಿಂದ ಜಾರಿತು.

"ಓ," ಎಂದಳು. "ಓ... ಬಂದ್ನಿ, ನನ್ನ ಕೂಸ."

ಅಂದಿನಿಂದ ದಿನವೂ ಅದೇ. ಹರವಿ ಕರೆಯುವುದು, ಅವಳು ಓಗೊಟ್ಟು ಹೋಗಿ ಕಲಸುವುದು. ಗಿಡ ಚಿಗುರಿದವು, ಸುತ್ತಲಿನ ರೈತರು ಕೊಡ ಹಿಡಿದು ಹುಳಿನೀರಿಗೆ ಬರತೊಡಗಿದರು. ಹೆತ್ತವರಿಗೆ ಹೆಗ್ಗಣ ಮುದ್ದಂತೆ, ಪೀರಬಿಗೆ ನಾರುವ ಹರವಿ ಮುದ್ದು ಎಂದು ನಗುತ್ತಲೇ ಒಯ್ಯುತ್ತಿದ್ದರು. ಮೀರಾಸಾಬನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವನಿಗೆ ಹೆದರಿಕೆ. ಯಾಕೆಂದರೆ ಆ ಸದ್ದಿನಲ್ಲಿ ಜೋಹರಾ ಅವನಿಗೂ ಕೇಳಿಸುತ್ತಿದ್ದಳು. ಹರವಿ ಬಾಯಿಬಿಡುವ ಮೊದಲೇ ಅವನು ತೋಟಕ್ಕೆ ಹೋಗಿಬಿಡುತ್ತಿದ್ದ.

ಒಮ್ಮೆ ಪೀರಬಿ ಬಾಗಿಲಿಗೆ ಅಡ್ಡ ನಿಂತಳು.

"ಏನ್ರಿ, ನೀವೂ ಒಂದ್ ಸಲ ಓ ಅನ್ರಿ. ಅಪ್ಪನ ದನಿ ಕೇಳಿದ್ರ ಅದಕ್ಕೂ ಸಮಾಧಾನ."

"ಹುಚ್ಚಿ! ಗಡಿಗಿಗೆ ಓ ಅನ್ನಾಕ ನನಗೇನ್ ತಲಿ ಕೆಟ್ಟೈತೇನು?"

ಅವಳು ಪಕ್ಕಕ್ಕೆ ಸರಿದಳು. ಮತ್ತೆಂದೂ ಕೇಳಲಿಲ್ಲ.

*

ಖಬರಸ್ತಾನದಿಂದ ಮನೆಯವರೆಗೂ ಮೀರಾಸಾಬ ಹರವಿಯನ್ನು ಯಾರ ಕೈಗೂ ಕೊಡಲಿಲ್ಲ. ಬಾಗಿಲಲ್ಲೇ ನೆರೆಮನೆಯ ಗುಂಡವ್ವ ಹಣೆ ಬಡಿದುಕೊಳ್ಳುತ್ತ ನಿಂತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು.

"ಅಣ್ಣಾ, ನನ್ನ ಕೈಗೆ ಹಾವು ಕಡೀಲಿ! ಮಂದಿ ಬರ್ತಾರಂತ ಹೊಲಸ ಅರಿವಿ ಬಿಚ್ಚಿ ಒಗದು, ತಾಟ ಮುಚ್ಚಿ ಇಟ್ಟೆ. ಅರಿವಿ ಕಟ್ಟಿದ್ದು ಹುಳಿನೀರು, ತಾಟ ಮುಚ್ಚಿದ್ದು ಕುಡಿಯೂ ನೀರು ಅಂತ ಅಕ್ಕ ಎಷ್ಟ್ ಸಲ ಹೇಳಿದ್ಲು! ಮರತ್ನಲ್ಲೋ ಅಣ್ಣಾ!"

ದಾವಲಮಲಿಕನನ್ನೂ ಬೈಯುವಂತಿರಲಿಲ್ಲ. ಆ ಮನೆಯೇ ಹುಳಿವಾಸನೆಯದು. ಮೇಲೆ ಲೋಬಾನದ ಹೊಗೆ. ಯಾವ ಹರವಿ ನಾರುತ್ತಿದೆಯೆಂದು ಹೊರಗಿನವನಿಗೆ ಹೇಗೆ ತಿಳಿಯಬೇಕು?

"ಏನರ ಉಳದೈತೇನು?" ಗುಂಡವ್ವ ಹರವಿಯೊಳಗೆ ಇಣುಕಿದಳು.

"ಬುಡದಾಗ ಒಂದೀಟ ಐತಿ. ಬೆಲ್ಲ ಕೊಡವ್ವಾ."

ಸಾವಿನ ಮನೆಯ ಒಲೆ ತಣ್ಣಗಿತ್ತು. ಗುಂಡವ್ವ ತನ್ನ ಮನೆಯಿಂದ ಬೆಲ್ಲ, ಮಜ್ಜಿಗೆ ತಂದಳು. ಮೀರಾಸಾಬ ಅಂಗಳದ ಬೇವು ಮುರಿದು ಹಾಕಿದ, ನೀರು ಹೊಯ್ದ, ಅವಳು ಕಲಸುತ್ತಿದ್ದ ಕೋಲಿನಿಂದಲೇ ಕಲಸಿದ. ಗುಂಡವ್ವ ಒಗೆದು ಹಾಕಿದ್ದ ಅರಿವೆ ಇನ್ನೂ ಹಸಿಯಾಗಿತ್ತು. ಅದನ್ನೇ ಬಿಗಿದು ಕಟ್ಟಿದವನು ಥಟ್ಟನೆ ನೆನಪಾಗಿ ಗಂಟು ಸಡಿಲಿಸಿದ. ಆಮೇಲೆ ಹರವಿಯ ಮುಂದೆ ಕೂತ.

ಹರವಿ ಮಾತಾಡಲಿಲ್ಲ.

ಬಂದವರು ಸಲಾಂ ಹೇಳಿ ಒಬ್ಬೊಬ್ಬರೇ ಹೋದರು. ಬಿಸಿಲು ಗೋಡೆ ಹತ್ತಿತು. ಗುಂಡವ್ವ ತಂದಿಟ್ಟ ರೊಟ್ಟಿ ಬಿರುಸಾಯಿತು.

"ಮಾಮಾ, ಒಳಗ ಬಂದು ಅಡ್ಡಾಗ್ರಿ," ಎಂದ ದಾವಲಮಲಿಕ.

"ಸತ್ತೀತೇನಲೇ ಅದೂ?" ಮೀರಾಸಾಬ ಹರವಿಯಿಂದ ಕಣ್ಣು ಕೀಳದೆ ಕೇಳಿದ.

ಮಗರಿಬ್‌ನ ಸಂಜೆ ಬಾಂಗು ಮುಗಿದು ಊರು ಗಪ್ಪಾಗಿದ್ದ ಹೊತ್ತಿಗೆ, ಹರವಿಯೊಳಗೆ ಗುಳಕ್ ಎಂದಿತು. ಗುಂಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮೀರಾಸಾಬ ಅಭ್ಯಾಸಬಲದಿಂದ ಎದ್ದು ತೋಟದ ಕಡೆ ತಿರುಗಿದವನು ಮತ್ತೆ ಕೂತ.

ಮತ್ತೆ ಕರೆಯಿತು. ಈ ಸಲ ಎರಡು ಸದ್ದು. ಮೊದಲು ಸಣ್ಣದೊಂದು, ಅವನು ಇಷ್ಟು ವರ್ಷ ತಪ್ಪಿಸಿಕೊಂಡು ಓಡುತ್ತಿದ್ದದ್ದು. ಅದರ ಬೆನ್ನಿಗೇ ಇನ್ನೊಂದು, ತುಸು ದಪ್ಪನೆಯದು, ದಿನವೂ ಅದಕ್ಕೆ ಓಗೊಡುತ್ತಿದ್ದ ದನಿಯಂಥದ್ದು.

ಮುದುಕ ಮುಂದೆ ಬಾಗಿ ಹರವಿಯ ಹೊಟ್ಟೆಗೆ ಹಣೆ ಹಚ್ಚಿದ.

"ಓ," ಎಂದ. "ಓ... ಇಲ್ಲೇ ಅದೇನಿ."

ಬಾಯಿಗೆ ಕಟ್ಟಿದ ಹಸಿ ಅರಿವೆ ಮೆಲ್ಲಗೆ ಉಬ್ಬಿ, ಇಳಿಯಿತು.