ದೇಜಪ್ಪನ ಮಗಳು

ಮುಂಬಯಿ ಪಕ್ಕದ ಠಾಣೆಯ ಕೋರ್ಟಿನಲ್ಲಿ ವಂಚನೆ ಮೊಕದ್ದಮೆಗಳನ್ನು ನಡೆಸುತ್ತಿದ್ದ ಸರಕಾರಿ ವಕೀಲೆ ನಳಿನಾಕ್ಷಿಗೆ ಹೆಸರು ತಂದದ್ದೂ ಜನರನ್ನು ದೂರ ಮಾಡಿದ್ದೂ ಒಂದೇ ಕೇಸು. ಆರೋಪಿ ದೇಜಪ್ಪ ಅವಳಂತೆ ಉಡುಪಿ ಕಡೆಯವನೇ. ಹೋಟೆಲುಗಳ ಧಣಿ, ಊರವರ ಸಂಘದ ಅಧ್ಯಕ್ಷ. ಸೊಸೈಟಿಯೊಂದನ್ನು ಕಟ್ಟಿ, ಹೋಟೆಲ್ ಕೆಲಸಗಾರರ ಉಳಿತಾಯವನ್ನು ತನ್ನ ವ್ಯಾಪಾರಕ್ಕೆ ಹರಿಸಿಕೊಂಡಿದ್ದ.

"ನಮ್ಮವರೇ ಅಲ್ವಾ, ಸ್ವಲ್ಪ ಮೆತ್ತಗೆ ಹೋಗಿ" ಎಂದು ಸಂಘದ ಹಿರಿಯರು ಡೊಂಬಿವಲಿಯ ಅವಳ ಮನೆಗೇ ಬಂದು ಹೇಳಿದರು.

"ಕಳಕೊಂಡವರೂ ನಮ್ಮವರೇ" ಎಂದು ಚಹಾ ಕೊಟ್ಟು ಕಳುಹಿಸಿದಳು.

ದೇಜಪ್ಪನಿಗೆ ಜೈಲಾಯಿತು. ಅಲ್ಲಿಂದ ಮುಂದೆ ಮದುವೆ, ಮುಂಜಿ, ಶನಿಪೂಜೆ ಯಾವುದಕ್ಕೂ ಅವಳಿಗೆ ಕರೆ ಬರಲಿಲ್ಲ. ಶಿಕ್ಷೆಯಾದರೂ ಹಣ ಕೈಗೆ ಬರಲಿಲ್ಲವೆಂದು ಕಳಕೊಂಡವರೂ ಅವಳ ಮೇಲೇ ಮುನಿದರು. ಮದುವೆಯಾಗದ ಅವಳ ಜೊತೆಗಿದ್ದ ತಾಯಿ ತೀರಿಕೊಂಡಾಗ ಹೆಣ ಎತ್ತಲು ಬಂದವರು ಕಟ್ಟಡದ ಮರಾಠಿಯವರು ಮಾತ್ರ. ಆಮೇಲೆ ಅವಳಿಗೆ ಕೋರ್ಟಿನ ಮೆಟ್ಟಿಲು ಹತ್ತುವುದೇ ಬೇಡವಾಯಿತು. ಕೆಲಸ ಬಿಟ್ಟು ನೆರುಳಿನ ಕಾನೂನು ಕಾಲೇಜಿನಲ್ಲಿ ಪಾಠಕ್ಕೆ ನಿಂತಳು. ಮಕ್ಕಳು ಪ್ರಶ್ನೆ ಕೇಳುತ್ತಿದ್ದರು, ಗಂಟೆಯಾದೊಡನೆ ಎದ್ದು ಹೋಗುತ್ತಿದ್ದರು. ಮನೆಗೆ ಬಂದು ಬೀಗ ತೆಗೆದರೆ ಮಾತಾಡಲು ಟೀವಿಯೊಂದೇ.

ಈ ವರ್ಷ ಹಾಜರಿ ಕರೆಯುವಾಗ ನಾಲಿಗೆ ತಡವರಿಸಿತು. ದಿಶಾ ದೇಜಪ್ಪ. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಕೈ ಎತ್ತಿದಳು. ಅಪ್ಪನದೇ ಅಗಲ ಹಣೆ.

ತಿಂಗಳುಗಟ್ಟಲೆ ದಿಶಾ ಬಾಯಿ ಬಿಡಲಿಲ್ಲ. ಒಂದು ಸಂಜೆ ಠಾಣೆ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಬಂದು ನಳಿನಾಕ್ಷಿಯ ಎದುರಿಗೆ ಕುಳಿತಳು.

"ಮ್ಯಾಡಮ್, ಪೆಹಚಾನಾ?"

"ಮೊದಲ ದಿನವೇ ಗುರುತು ಸಿಕ್ಕಿತು. ಅಪ್ಪನ ಅಪೀಲಿನ ವಿಷಯವಾದರೆ ನನ್ನ ಹತ್ರ ಕೇಳಬೇಡ ಮಗಾ. ಆ ಕೇಸು ನಡೆಸಿದವಳು ನಾನು, ಸಲಹೆ ಕೊಡ್ಲಿಕ್ಕಾಗುದಿಲ್ಲ."

"ಅದಲ್ಲ." ದಿಶಾ ಕಷ್ಟಪಟ್ಟು ಕನ್ನಡಕ್ಕೆ ಹೊರಳಿದಳು. "ಪಪ್ಪಾ ತಪ್ಪು ಮಾಡಿದ್ದು ನಿಜ. ನಾನು ಪೂರಾ ಜಡ್ಜ್‌ಮೆಂಟ್ ಓದಿದ್ದೇನೆ. ಮನೆಯಲ್ಲಿ ಅದನ್ನು ಹೇಳ್ಲಿಕ್ಕೇ ಇಲ್ಲ. ಮಮ್ಮಿ ಅಳ್ತಾಳೆ, ಅಣ್ಣ ಹೊಡಿಲಿಕ್ಕೆ ಬರ್ತಾನೆ. ಒಬ್ಬರ ಹತ್ರ ಆದ್ರೂ ಹೇಳ್ಬೇಕಿತ್ತು. ಅದಕ್ಕೇ ನೀವಿರುವ ಈ ಕಾಲೇಜು."

ಗಾಡಿ ರಬಾಳೆ ದಾಟಿತು. ಎಷ್ಟೋ ಸಾಕ್ಷಿಗಳ ಬಾಯಿಂದ ನಿಜ ಹೊರಡಿಸಿದ ನಳಿನಾಕ್ಷಿ, ಯಾರೂ ಕೇಳದೆ ಬಂದ ಈ ನಿಜದ ಮುಂದೆ ಕೈಕಟ್ಟಿ ಕೂತುಬಿಟ್ಟಳು.

"ಅಪ್ಪನನ್ನು ನೋಡ್ಲಿಕ್ಕೆ ಹೋಗ್ತೀಯಾ?" ಎಂದು ಕೊನೆಗೆ ಕೇಳಿದಳು.

"ಹೋಗ್ತೇನೆ. ಪಪ್ಪಾ ಅಲ್ವಾ."

"ಹೋಗ್ಬೇಕು. ಬಿಡಬೇಡ."

ಹುಡುಗಿಯ ಕಣ್ಣು ತುಂಬಿತು. ನಳಿನಾಕ್ಷಿ ಕೈ ಚಾಚಿ ಅವಳ ಮೊಣಕೈ ಹಿಡಿದಳು. ಇನ್ನೊಬ್ಬರ ಮೈ ಮುಟ್ಟಿ ಎಷ್ಟು ಕಾಲವಾಗಿತ್ತೋ.

ಠಾಣೆಯಲ್ಲಿ ಇಬ್ಬರೂ ಇಳಿದರು. "ಒಮ್ಮೆ ಡೊಂಬಿವಲಿಗೆ ಬಾ, ಊಟಕ್ಕೆ."

"ಮಮ್ಮಿಗೆ ಗೊತ್ತಾದ್ರೆ..." ದಿಶಾ ತಲೆ ತಗ್ಗಿಸಿದಳು. "ಗಾಡಿಯಲ್ಲಿ ಸಿಗ್ತೇನೆ ಮ್ಯಾಡಮ್. ರೋಜ್, ದಿನಾ."

ಅವಳು ಸ್ಟೇಷನ್ ಸೇತುವೆಯ ಜನರಲ್ಲಿ ಬೆರೆತುಹೋದಳು. ನಳಿನಾಕ್ಷಿ ಕಲ್ಯಾಣದ ಸ್ಲೋ ಲೋಕಲ್ ಹಿಡಿದು ಬಾಗಿಲ ಬಳಿ ನಿಂತಳು. ಮುಂಬ್ರಾದ ಗುಡ್ಡದ ಮೇಲೆ ಇನ್ನೂ ಒಂದಿಷ್ಟು ಬೆಳಕಿತ್ತು.